ನಿಮ್ಮ ಪ್ರಶ್ನೆಯನ್ನು ವಿಶ್ವವಿದ್ಯಾಲಯಕ್ಕೆ ಒಯ್ಯುವ ಬಗೆ

ಕೆಲವು ವರ್ಷಗಳ ಹಿಂದೆ ಧಾರವಾಡ ಸೀಮೆಯ ಹಳ್ಳಿಯೊಂದರ ಸ್ವಸಹಾಯ ಸಂಘದ ನಾಲ್ವರು ಮಹಿಳೆಯರೊಂದಿಗೆ, ಕೈಚೀಲದಲ್ಲಿ ಆರು ಪೊಟ್ಟಣ ಶೇಂಗಾ ಚಟ್ನಿಪುಡಿ ಇಟ್ಟುಕೊಂಡು, ಪ್ರಯೋಗಾಲಯವೊಂದರ ಮೆಟ್ಟಿಲು ಹತ್ತಿದ್ದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಪುಡಿ ಕಮಟು ವಾಸನೆ ಹಿಡಿಯುತ್ತಿತ್ತು. ಅಂಗಡಿಯವರು ಮಾಲನ್ನು ಹಿಂದಿರುಗಿಸುತ್ತಿದ್ದರು. ಅಲ್ಲಿದ್ದ ಸಹಾಯಕರು ಕೇಳಿದ್ದು ಮೂರೇ ಮಾತು: ಕುಟ್ಟಿದ್ದು ಯಾವ ದಿನ, ಆರೂ ಪೊಟ್ಟಣ ಒಂದೇ ಸಲ ಮಾಡಿದವೇ, ಏನನ್ನು ಪರೀಕ್ಷಿಸಬೇಕು? ಮೊದಲ ಎರಡಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೂರನೆಯದಕ್ಕೆ "ಯಾಕ ಕೆಡತೈತಿ ನೋಡಿ ಹೇಳ್ರಿ ಸರ" ಎಂಬುದಷ್ಟೇ ಇತ್ತು. ಪೊಟ್ಟಣಗಳ ಸಮೇತ ಮಧ್ಯಾಹ್ನದ ಬಸ್ಸಿಗೆ ವಾಪಸಾದೆವು. ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ತಪ್ಪಿನ ದೊಡ್ಡ ಪಾಲು ನಮ್ಮದೇ.

ಸಾರ್ವಜನಿಕ ವಿಶ್ವವಿದ್ಯಾಲಯದ ಕೆಲಸವನ್ನು ಬೋಧನೆ, ಸಂಶೋಧನೆ, ವಿಸ್ತರಣೆ (ಅಂದರೆ ಅಲ್ಲಿನ ತಿಳಿವನ್ನು ಹೊರಗಿನ ಜನರಿಗೆ ತಲುಪಿಸುವುದು) ಎಂದು ಮೂರಾಗಿ ಹೇಳುವುದು ವಾಡಿಕೆ. ಈ ಮೂರನೆಯದು ನಮ್ಮ ನಾಡಿಗೆ ಹೊಸದೇನಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು, ಆ ಉಪನ್ಯಾಸಗಳು ಅಗ್ಗದ ಬೆಲೆಯ ಕಿರುಹೊತ್ತಗೆಗಳಾಗಿ ಹೊರಬರುತ್ತಿದ್ದವು. ಆ ಕೆಲಸಕ್ಕಾಗಿ ಹುಟ್ಟಿದ ಪ್ರಸಾರಾಂಗ ಇಂದಿಗೂ ಇದೆ. ಆದರೆ ಅದು ವಿಶ್ವವಿದ್ಯಾಲಯವೇ ಜನರ ಬಳಿಗೆ ಬರುವ ದಾರಿ. ಜನರೇ ತಮ್ಮ ಪ್ರಶ್ನೆಯನ್ನು ಹೊತ್ತು ಅಲ್ಲಿಗೆ ಹೋಗುವ ದಾರಿ ಹೇಗೆಂದು ಹೇಳುವವರು ಕಡಿಮೆ. ರೈತರು, ಸಣ್ಣ ಉದ್ಯಮದವರು, ನೇಕಾರರು, ಕಲಾವಿದರು, ಮನೆಯಲ್ಲಿ ಹಳೆಯ ಓಲೆಗರಿಗಳ ಕಟ್ಟು ಇಟ್ಟುಕೊಂಡವರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಆ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

"ಬೆಳೆ ಸರಿಯಾಗಿ ಬರುತ್ತಿಲ್ಲ", "ವ್ಯಾಪಾರ ಏಳುತ್ತಿಲ್ಲ", "ನಮ್ಮ ಕಲೆ ಅಳಿದುಹೋಗುತ್ತಿದೆ" ಎಂಬುವು ಸಂಕಟಗಳು. ಸಂಶೋಧಕರು ಕೈಗೆತ್ತಿಕೊಳ್ಳಬಹುದಾದ ಪ್ರಶ್ನೆಯ ರೂಪ ಅವಕ್ಕೆ ಇನ್ನೂ ಬಂದಿಲ್ಲ. ಏನಾಗುತ್ತಿದೆ, ಎಲ್ಲಿ, ಯಾವಾಗಿನಿಂದ, ಯಾವುದು ಬದಲಾದ ಮೇಲೆ ಆಯಿತು, ಎಲ್ಲಿ ಆಗುತ್ತಿಲ್ಲ ಎಂಬ ಐದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಕೊನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು, ಮತ್ತು ಬಹಳ ಜನ ಮರೆಯುವುದೂ ಅದನ್ನೇ. ಪಕ್ಕದ ಹೊಲದಲ್ಲಿ ಅದೇ ತಳಿಯ ಮೆಣಸಿನಗಿಡ ಚೆನ್ನಾಗಿದ್ದು ನಿಮ್ಮಲ್ಲಿ ಮಾತ್ರ ಎಲೆ ಮುದುಡುತ್ತಿದ್ದರೆ, ಆ ವ್ಯತ್ಯಾಸವೇ ವಿಜ್ಞಾನಿಗೆ ಸಿಗುವ ಮೊದಲ ಸುಳಿವು.

ನಮ್ಮ ಚಟ್ನಿಪುಡಿಯ ವಿಷಯದಲ್ಲಿ ಹೀಗೆ ಬರೆಯಲು ಕೂತಾಗಲೇ ಹಲವು ಸಂಗತಿಗಳು ಹೊರಬಂದವು. ಬೇಸಿಗೆಯಲ್ಲಿ ಪುಡಿ ಬೇಗ ಕೆಡುತ್ತಿತ್ತು. ಅಂಗಡಿಯ ಮುಂದೆ ಬಿಸಿಲು ತಾಗುವಂತೆ ತೂಗುಹಾಕಿದ ಪೊಟ್ಟಣಗಳು ಒಳಗಿನವಕ್ಕಿಂತ ಮೊದಲೇ ವಾಸನೆ ಹಿಡಿಯುತ್ತಿದ್ದವು. ಸಂಘದ ಒಬ್ಬ ಸದಸ್ಯೆ ಮನೆಗೆಂದು ಗಾಜಿನ ಭರಣಿಯಲ್ಲಿ ತುಂಬಿ ಕಪಾಟಿನಲ್ಲಿಟ್ಟದ್ದು ಮಾತ್ರ ಚೆನ್ನಾಗಿಯೇ ಇತ್ತು. ಶೇಂಗಾದಲ್ಲಿ ಎಣ್ಣೆಯ ಅಂಶ ಹೆಚ್ಚು. ಗಾಳಿ, ಬೆಳಕು ಮತ್ತು ಶಾಖಕ್ಕೆ ಒಡ್ಡಿದಾಗ ಆ ಎಣ್ಣೆ ಆಮ್ಲಜನಕದೊಂದಿಗೆ ಸೇರಿ ಕಮಟಾಗುತ್ತದೆ. ಹೀಗೆ "ಯಾಕೆ ಕೆಡುತ್ತದೆ" ಎಂಬುದು "ಪುಡಿಯಲ್ಲಿ ಉಳಿದ ತೇವದಿಂದಲೋ, ಗಾಳಿ ಬೆಳಕು ಬಿಡುವ ಚೀಲದಿಂದಲೋ" ಎಂಬಷ್ಟಕ್ಕೆ ಇಳಿಯಿತು. ಇಷ್ಟು ಸಣ್ಣ ಪ್ರಶ್ನೆಗೆ ಪ್ರಯೋಗಾಲಯ ಉತ್ತರ ಕೊಡಬಲ್ಲದು: ಒಂದು ತೇವಾಂಶದ ಪರೀಕ್ಷೆ, ಇನ್ನೊಂದು ಎಣ್ಣೆ ಎಷ್ಟು ಕಮಟಾಗುತ್ತಿದೆ ಎಂದು ತೋರಿಸುವ ಪೆರಾಕ್ಸೈಡ್ ಪ್ರಮಾಣದ ಪರೀಕ್ಷೆ.

ಯಾವ ಬಾಗಿಲು

ನಮ್ಮಲ್ಲಿ ವಿಶ್ವವಿದ್ಯಾಲಯಗಳು ವಿಷಯವಾರು ಹಂಚಿಹೋಗಿವೆ. ಬೇಸಾಯದ ಪ್ರಶ್ನೆಗೆ ಬೆಂಗಳೂರು, ಧಾರವಾಡ, ರಾಯಚೂರು ಮತ್ತು ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳಿವೆ. ಹಣ್ಣು, ತರಕಾರಿ, ಹೂವು, ಸಂಬಾರ ಬೆಳೆಗಳಿಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ದನಕರು, ಕುರಿ, ಕೋಳಿ, ಮೀನುಗಳಿಗೆ ಬೀದರಿನದು. ಹಸ್ತಪ್ರತಿ, ಶಾಸನ, ಭಾಷೆಯ ವಿಚಾರಕ್ಕೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಜನಪದ ಕಲೆಗಳಿಗೆ ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಸಂಗೀತ ನೃತ್ಯಗಳಿಗೆ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ. ಆಹಾರ ಸಂಸ್ಕರಣೆಯ ದೊಡ್ಡ ಪ್ರಶ್ನೆಗಳಿಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇದೆ. ಅದು ವಿಶ್ವವಿದ್ಯಾಲಯವಲ್ಲ, 1950ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಪ್ರಯೋಗಾಲಯ.

ಆದರೂ ನನ್ನ ಸಲಹೆ ಕೇಳಿದರೆ, ಮೊದಲ ಭೇಟಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕಿರಲಿ. ಬೇಸಾಯವಷ್ಟೇ ಅಲ್ಲದೆ ಆಹಾರ, ಗೃಹೋದ್ಯಮ, ಪಶುಸಂಗೋಪನೆಯ ತಜ್ಞರೂ ಈ ಕೇಂದ್ರಗಳಲ್ಲಿ ಇರುವುದುಂಟು. ಅವರಿಂದ ಬಗೆಹರಿಯದ್ದನ್ನು ವಿಶ್ವವಿದ್ಯಾಲಯದ ಯಾರ ಬಳಿಗೆ ಕಳಿಸಬೇಕೆಂಬುದು ಅವರಿಗೆ ಗೊತ್ತಿರುತ್ತದೆ. ಯಂತ್ರ, ಒಲೆ, ಒಣಗಿಸುವ ಪೆಟ್ಟಿಗೆಯಂಥ ಪ್ರಶ್ನೆಯಿದ್ದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜನ್ನೇ ವಿಚಾರಿಸಿ. ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಆರ್ಥಿಕ ನೆರವು ಕೊಡುತ್ತದೆ. ಪ್ರಾಜೆಕ್ಟಿಗೆ ವಿಷಯ ಸಿಗದೆ ಪರದಾಡುವ ಹುಡುಗರಿಗೆ ನಿಮ್ಮ ಗಾಣದ, ನಿಮ್ಮ ಮಗ್ಗದ ತೊಂದರೆಯೇ ಒಳ್ಳೆಯ ವಿಷಯವಾದೀತು.

ವ್ಯಕ್ತಿಯನ್ನು ಗುರುತಿಸುವುದು

ಕುಲಪತಿಗಳಿಗೆ ಅರ್ಜಿ ಬರೆದರೆ ಕೆಲಸ ಬೇಗ ಆಗುತ್ತದೆಂಬ ನಂಬಿಕೆ ನಮ್ಮಲ್ಲಿದೆ. ಅರ್ಜಿ ಕುಲಸಚಿವರಿಗೆ, ಅಲ್ಲಿಂದ ಡೀನರಿಗೆ, ಅಲ್ಲಿಂದ ವಿಭಾಗಕ್ಕೆ ಇಳಿದು ಬರುವಷ್ಟರಲ್ಲಿ ಹಂಗಾಮು ಮುಗಿದಿರುತ್ತದೆ. ನಿಮ್ಮ ವಿಷಯದ ಮೇಲೆ ಈಗಾಗಲೇ ಕೆಲಸ ಮಾಡಿದ ಅಧ್ಯಾಪಕರು ಯಾರೆಂದು ತಿಳಿದು, ಅವರಿಗೇ ಬರೆದು, ವಿಭಾಗದ ಮುಖ್ಯಸ್ಥರಿಗೆ ಒಂದು ಪ್ರತಿ ಕಳಿಸುವುದು ಲೇಸು.

ಹುಡುಕುವುದು ಈಗ ಕಷ್ಟವಲ್ಲ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ, ಕೃಷಿಗೆ ಸಂಬಂಧಿಸಿದ ಪ್ರಬಂಧಗಳು ಕೃಷಿಕೋಶದಲ್ಲಿ ಉಚಿತವಾಗಿ ಸಿಗುತ್ತವೆ. ವಿಜ್ಞಾನದ ವಿಷಯವಾದರೆ ಬೆಳೆಯ ಅಥವಾ ಕೀಟದ ಇಂಗ್ಲಿಷ್ ಹೆಸರನ್ನು ಹಾಕಿ ಹುಡುಕಿ. ಕಾಲೇಜಿಗೆ ಹೋಗುವ ಮಗನೋ ಸೊಸೆಯೋ ಮನೆಯಲ್ಲಿದ್ದರೆ ಈ ಕೆಲಸವನ್ನು ಅವರಿಗೆ ಒಪ್ಪಿಸಿ. ಸಾಹಿತ್ಯ, ಜಾನಪದ, ಸ್ಥಳೀಯ ಇತಿಹಾಸದ ಪ್ರಬಂಧಗಳು ಕನ್ನಡದಲ್ಲೇ ಇರುವುದುಂಟು. ಇಡೀ ಪ್ರಬಂಧ ಓದಬೇಕಾಗಿಲ್ಲ. ಮೊದಲ ಪುಟದಲ್ಲಿ ಮಾರ್ಗದರ್ಶಕರ ಹೆಸರು, ಕೊನೆಯ ಅಧ್ಯಾಯದಲ್ಲಿ ತೀರ್ಮಾನ, ಇವೆರಡನ್ನು ನೋಡಿದರೆ ಸಾಕು. ಕೆಲವೊಮ್ಮೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿಬಿಟ್ಟು ಪ್ರಯಾಣವೇ ಉಳಿಯುತ್ತದೆ.

ಪತ್ರ ಒಂದು ಪುಟ ಮೀರದಿರಲಿ

ಎರಡನೆಯ ಸಲ ಹೋಗುವ ಮುನ್ನ ನಾವು ಬರೆದ ಪತ್ರ ಹೆಚ್ಚುಕಡಿಮೆ ಹೀಗಿತ್ತು: "ಮಾನ್ಯರೆ, ನಾವು ಹನ್ನೆರಡು ಮಹಿಳೆಯರ ಸ್ವಸಹಾಯ ಸಂಘದವರು, ತಿಂಗಳಿಗೆ ಸುಮಾರು 80 ಕೆಜಿ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇವೆ. ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಬಳಸಿ ಸಾದಾ ಪಾಲಿಥೀನ್ ಚೀಲದಲ್ಲಿ ತುಂಬುತ್ತೇವೆ. ಎಂಟನೆಯ ವಾರದ ಹೊತ್ತಿಗೆ ಕಮಟು ವಾಸನೆ ಬರುತ್ತಿದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಇದು ತೇವದಿಂದಲೋ ಚೀಲದಿಂದಲೋ ಎಂದು ತಿಳಿಯಬೇಕಾಗಿದೆ. ಒಂದೇ ದಿನ ತಯಾರಿಸಿದ, ದಿನಾಂಕ ಬರೆದ ಆರು ಪೊಟ್ಟಣಗಳನ್ನು ತರಬಲ್ಲೆವು. ಪರೀಕ್ಷಾ ಶುಲ್ಕ ತಿಳಿಸಿದರೆ ಭರಿಸುತ್ತೇವೆ. ತಮಗೆ ಅನುಕೂಲವಾದ ದಿನ ಬಂದು ಕಾಣುತ್ತೇವೆ."

ಇದರಲ್ಲಿ ಹೊಗಳಿಕೆಯಿಲ್ಲ, ಗೋಳಿಲ್ಲ, ಸನ್ಮಾನದ ಭರವಸೆಯೂ ಇಲ್ಲ. ಶುಲ್ಕ ಕೊಡುತ್ತೇವೆಂಬ ಮಾತಿಗೆ ತೂಕವಿದೆ. ಹಲವು ಪರೀಕ್ಷೆಗಳಿಗೆ ನಿಗದಿತ ದರವಿರುತ್ತದೆ, ಪಾವತಿಸಿ ರಸೀದಿ ಪಡೆದರೆ ಫಲಿತಾಂಶ ಕೇಳುವ ಹಕ್ಕೂ ಬರುತ್ತದೆ. ಪತ್ರವನ್ನು ಕೈಯಾರೆ ಕೊಟ್ಟರೆ ಕಚೇರಿಯಲ್ಲಿ ಅದು ತಲುಪಿದ್ದಕ್ಕೆ ಗುರುತಾಗಿ ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ಫೋನ್ ಮಾಡಿ. ಅದು ಒತ್ತಾಯವೆಂದು ಯಾರೂ ತಿಳಿಯುವುದಿಲ್ಲ.

ಸಮಯ ನೋಡಿ ಹೋಗುವುದು

ಪರೀಕ್ಷೆಗಳು, ಮೌಲ್ಯಮಾಪನ ಅಥವಾ ಸಂಸ್ಥೆಯ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಯ ಭೇಟಿ ಇರುವ ವಾರಗಳಲ್ಲಿ ಯಾವ ವಿಭಾಗವೂ ನಿಮ್ಮ ಮಾತಿಗೆ ಕಿವಿಗೊಡಲಾರದು. ಹೊಸ ಶೈಕ್ಷಣಿಕ ವರ್ಷ ಆರಂಭವಾಗಿ, ವಿದ್ಯಾರ್ಥಿಗಳು ಪ್ರಾಜೆಕ್ಟು, ಪ್ರಬಂಧಗಳಿಗೆ ವಿಷಯ ಆರಿಸಿಕೊಳ್ಳುವ ದಿನಗಳೇ ಪ್ರಶಸ್ತ. ಕೃಷಿ ಮೇಳಗಳು ಸಾಮಾನ್ಯವಾಗಿ ಧಾರವಾಡದಲ್ಲಿ ಸೆಪ್ಟೆಂಬರ್ ಹೊತ್ತಿಗೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನವೆಂಬರ್ ಹೊತ್ತಿಗೆ ನಡೆಯುತ್ತವೆ. ಮೇಳದಲ್ಲಿ ವಿಜ್ಞಾನಿಯ ಮುಂದೆ ನೂರು ಜನ ನಿಂತಿರುತ್ತಾರೆ. ಮೊದಲ ದಿನದ ಬೆಳಿಗ್ಗೆಯೇ ಹೋಗಿ, ವಿಷಯ ಎರಡು ಮಾತಿನಲ್ಲಿ ಹೇಳಿ, ಹೆಸರು, ವಿಭಾಗ ಬರೆದುಕೊಂಡು, ಮುಂದಿನ ವಾರ ವಿಭಾಗಕ್ಕೆ ಬರುತ್ತೇನೆಂದು ಹೇಳಿ ಬನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಮುಕ್ತ ದಿನ ಇಟ್ಟುಕೊಳ್ಳುತ್ತದೆ. ಶಾಲಾ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಿಗೆ ಅದು ಬಹಳ ಒಳ್ಳೆಯ ಅವಕಾಶ.

ಮಾದರಿ ತೆಗೆಯುವುದರಲ್ಲೇ ಅರ್ಧ ಕೆಲಸ

ಪ್ರಯೋಗಾಲಯದ ಉಪಕರಣ ಎಷ್ಟೇ ನಿಖರವಾಗಿರಲಿ, ಅದು ಅಳೆಯುವುದು ನೀವು ಕೊಟ್ಟ ಹಿಡಿ ಮಣ್ಣನ್ನು. ಆ ಹಿಡಿ ಇಡೀ ಹೊಲವನ್ನು ಪ್ರತಿನಿಧಿಸದಿದ್ದರೆ ವರದಿಯೂ ಹೊಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಣ್ಣಿನ ಬಣ್ಣ, ಇಳಿಜಾರು ಬೇರೆಯಿರುವ ಭಾಗಗಳನ್ನು ಮೊದಲು ಬೇರ್ಪಡಿಸಿಕೊಂಡು, ಪ್ರತಿಯೊಂದು ಭಾಗದಲ್ಲೂ ಹಾವಿನ ನಡೆಯಂತೆ ಅಂಕುಡೊಂಕಾಗಿ ಸಾಗುತ್ತ ಎಂಟು ಹತ್ತು ಕಡೆ ಗುರುತು ಮಾಡಿ. ಬದು, ಮರದ ಬುಡ, ತಿಪ್ಪೆ ಹಾಕಿದ ಜಾಗ, ನೀರು ನಿಲ್ಲುವ ತಗ್ಗುಗಳನ್ನು ಬಿಟ್ಟುಬಿಡಿ. ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ವಿ ಅಕ್ಷರದಂತೆ 15 ಸೆಂ.ಮೀ. ಆಳದ ಗುಂಡಿ ತೋಡಿ, ಅದರ ಒಂದು ಮಗ್ಗುಲಿನಿಂದ ಮೇಲಿನಿಂದ ತಳದವರೆಗೂ ಒಂದೇ ದಪ್ಪದಲ್ಲಿ ಮಣ್ಣನ್ನು ಹೆರೆಯಿರಿ. ತೋಟದ ಬೆಳೆಯಾದರೆ ಬೇರು ಕೆಳಗಿಳಿಯುವುದರಿಂದ, ಇನ್ನೂ ಆಳದ ಪದರಗಳಿಂದಲೂ ಬೇರೆ ಬೇರೆಯಾಗಿ ತೆಗೆಯಬೇಕು.

ಎಲ್ಲ ಗುಂಡಿಗಳ ಮಣ್ಣನ್ನು ಶುಭ್ರವಾದ ಬಟ್ಟೆಯ ಮೇಲೆ ಸುರಿದು, ಹೆಂಟೆ ಒಡೆದು, ಕಲಸಿ, ವೃತ್ತಾಕಾರವಾಗಿ ಹರಡಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ತೆಗೆದುಹಾಕಿ ಉಳಿದದ್ದನ್ನು ಮತ್ತೆ ಕಲಸಿ. ಅರ್ಧ ಕೆಜಿ ಉಳಿಯುವವರೆಗೂ ಹೀಗೆ ಮಾಡಿ. ಒಣಗಿಸುವುದು ನೆರಳಿನಲ್ಲಿ. ಯೂರಿಯಾ ಬಂದಿದ್ದ ಹಳೆಯ ಚೀಲದಲ್ಲಿ ಮಣ್ಣು ತುಂಬಿ ತಂದವರನ್ನು ನಾನೇ ಕಂಡಿದ್ದೇನೆ. ಆ ವರದಿಯಲ್ಲಿ ಸಾರಜನಕ ಎಷ್ಟು ಬಂದರೂ ನಂಬುವಂತಿಲ್ಲ. ಸತು, ಕಬ್ಬಿಣದಂಥ ಲಘು ಪೋಷಕಾಂಶಗಳ ಪರೀಕ್ಷೆಯೂ ಬೇಕಿದ್ದರೆ ತುಕ್ಕು ಹಿಡಿದ ಗುದ್ದಲಿ, ಸತುವಿನ ಲೇಪವಿರುವ ಬಕೆಟ್ ಬಳಸದೆ ಮರದ ಇಲ್ಲವೇ ಪ್ಲಾಸ್ಟಿಕ್ ಸಲಕರಣೆಯಿಂದ ತೆಗೆಯಿರಿ. ಚೀಟಿಯಲ್ಲಿ ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದಿನ ಬೆಳೆ, ನೀರಾವರಿಯೋ ಖುಷ್ಕಿಯೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಚೀಲದೊಳಗೊಂದು, ಹೊರಗೊಂದು ಇಡಿ. ಪೆನ್ನಿನ ಶಾಯಿ ತೇವಕ್ಕೆ ಕದಡುತ್ತದೆ.

ರೋಗ ತಗುಲಿದ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ದರೆ ಸಂಜೆಯೊಳಗೆ ಕೊಳೆತು, ರೋಗ ಯಾವುದು, ಕೊಳೆ ಯಾವುದು ಎಂದು ತಿಳಿಯದಂತಾಗುತ್ತದೆ. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ, ಬೇರು ಸಮೇತ, ಅದೇ ದಿನ ತಲುಪಿಸಿ. ಪೂರ್ತಿ ಸತ್ತ ಗಿಡಕ್ಕಿಂತ ಈಗಷ್ಟೇ ರೋಗ ಕಾಣಿಸಿಕೊಂಡ ಗಿಡ ಉಪಯುಕ್ತ, ಜೊತೆಗೊಂದು ಆರೋಗ್ಯವಂತ ಗಿಡವೂ ಇರಲಿ. ಆಹಾರ ಪದಾರ್ಥವಾದರೆ ಒಡೆಯದ ಪೊಟ್ಟಣಗಳು ಬೇಕು, ಒಂದೇ ದಿನದ ತಯಾರಿಕೆಯವು. ಶೇಂಗಾ ಬಳಸುವವರಿಗೆ ಇನ್ನೊಂದು ಮಾತು: ಕಾಳನ್ನು ತೇವವಿರುವ ಕಡೆ ಕೂಡಿಟ್ಟಾಗ ಬೆಳೆಯುವ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ. ಹೋದದ್ದು ಕಮಟಿನ ಪ್ರಶ್ನೆಗಾದರೂ ಈ ಪರೀಕ್ಷೆಯನ್ನು ಒಮ್ಮೆ ಮಾಡಿಸಿ.

ಓಲೆಗರಿ, ಹಾಡು, ಹಳೆಯ ಕಡತ

ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಗರಿಗಳ ಕಟ್ಟಿನಲ್ಲಿ, 1905ರಲ್ಲಿ, ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಆ ಸಂಗ್ರಹ ಇಂದು ಮೈಸೂರು ವಿಶ್ವವಿದ್ಯಾಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ. ನಿಮ್ಮ ಅಟ್ಟದ ಮೇಲಿನ ಕಟ್ಟು ಬಹುಶಃ ಪಂಚಾಂಗವೋ ವೈದ್ಯದ ಟಿಪ್ಪಣಿಯೋ ಆಗಿರಬಹುದು, ಆದರೂ ನೋಡಿಸುವುದರಿಂದ ನಷ್ಟವಿಲ್ಲ.

ಒಯ್ಯುವ ಮುನ್ನ ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮನೆಯಲ್ಲಿರುವ ಎಣ್ಣೆ ಸವರಬೇಡಿ, ಹರಿದ ಕಾಗದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಗರಿಗಳ ಕ್ರಮ ತಪ್ಪದಂತೆ, ದಾರ ಬಿಚ್ಚದೆ, ಎರಡು ತೆಳು ಹಲಗೆಗಳ ನಡುವೆ ಇಟ್ಟು ಹತ್ತಿಬಟ್ಟೆಯಲ್ಲಿ ಸುತ್ತಿ. ಮೊದಲು ನಾಲ್ಕಾರು ಗರಿಗಳ ಫೋಟೋ ಕಳಿಸಿ, ಬೇಕೆಂದರೆ ಮಾತ್ರ ಮೂಲವನ್ನು ತೋರಿಸಿ. ದಾನ ಮಾಡುತ್ತೀರೋ, ಪ್ರತಿ ಮಾಡಿಕೊಂಡು ಮರಳಿಸಲು ಕೊಡುತ್ತೀರೋ ಎಂಬುದನ್ನು ಬರಹದಲ್ಲಿ ಸ್ಪಷ್ಟಪಡಿಸಿ, ಗರಿಗಳ ಸಂಖ್ಯೆ ನಮೂದಿಸಿದ ರಸೀದಿ ತೆಗೆದುಕೊಳ್ಳಿ.

ಮಂಟೇಸ್ವಾಮಿ, ಮಲೆ ಮಾದೇಶ್ವರ ಕಾವ್ಯಗಳನ್ನು ಹಾಡುವ ನೀಲಗಾರರು, ದೇವರಗುಡ್ಡರಂಥ ಕಲಾವಿದರ ಬಳಿಗೆ ಸಂಶೋಧಕರೇ ಬರುತ್ತಾರೆ. ಹಾಗೆ ಬಂದವರನ್ನು ಕಲಾವಿದರು ಮೂರು ಮಾತು ಕೇಳಬೇಕು: ಧ್ವನಿಮುದ್ರಣದ ಪ್ರತಿ ನಮಗೂ ಕೊಡುತ್ತೀರಾ, ಪುಸ್ತಕವಾದರೆ ಹಾಡಿದವರ ಹೆಸರು ಹಾಕುತ್ತೀರಾ, ಸಂಭಾವನೆ ಎಷ್ಟು? ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ ಎಂಬುದನ್ನು ನಮ್ಮ ಕೃತಿಸ್ವಾಮ್ಯ ಕಾಯ್ದೆಯೇ ಒಪ್ಪಿದೆ. ಕೇಳುವುದಕ್ಕೆ ಸಂಕೋಚ ಬೇಡ.

ಕೊಡುವ ಮುನ್ನ ಕಾಗದ

ಸಾಮಾನ್ಯ ಪರೀಕ್ಷೆಗೆ ಒಡಂಬಡಿಕೆ ಬೇಕಿಲ್ಲ. ನಿಮ್ಮ ಪಾಕವಿಧಾನ, ತಳಿ, ವಿನ್ಯಾಸ ಅಥವಾ ಯಂತ್ರದ ಮೇಲೆ ಸಂಶೋಧನೆ ನಡೆಯುವುದಾದರೆ ಬೇಕು. ಇಲ್ಲೊಂದು ಸೂಕ್ಷ್ಮವಿದೆ. ವಿದ್ಯಾರ್ಥಿಯ ಪ್ರಬಂಧ ಜಾಲತಾಣಕ್ಕೆ ಏರಿ, ಅದರಲ್ಲಿ ನೀವು ಹೇಳಿದ ಅಳತೆಗಳೆಲ್ಲ ಜಗತ್ತಿಗೆ ತೆರೆದುಕೊಳ್ಳಬಹುದು. ತಲೆಮಾರುಗಳಿಂದ ಬಂದ ಸಾಂಪ್ರದಾಯಿಕ ಜ್ಞಾನಕ್ಕೆ ಭಾರತದಲ್ಲಿ ಪೇಟೆಂಟ್ ಸಿಗುವುದಿಲ್ಲ; ಆದ್ದರಿಂದ ಅತ್ತೆಯಿಂದ ಬಂದ ಮಸಾಲೆಯ ಹದಕ್ಕೆ ಗುಟ್ಟೇ ಕಾವಲು. ಯಾವ ಪರೀಕ್ಷೆಗೆ ಅಳತೆ ತಿಳಿಯುವ ಅಗತ್ಯವಿಲ್ಲವೋ ಅದಕ್ಕೆ "ಮಾದರಿ ಅ", "ಮಾದರಿ ಆ" ಎಂದಷ್ಟೇ ಬರೆದು ಕೊಡಿ. ಹೊಸದಾಗಿ ಕಂಡುಹಿಡಿದ ಯಂತ್ರವಾದರೆ ಪೇಟೆಂಟ್ ಅರ್ಜಿ ಸಲ್ಲಿಸುವವರೆಗೂ ಲೇಖನ, ಪ್ರದರ್ಶನ, ವಿಡಿಯೋ ಯಾವುದೂ ಆಗದಂತೆ ಒಪ್ಪಂದದಲ್ಲಿ ಬರೆಸಿ, ಏಕೆಂದರೆ ಕೆಲವೇ ವಿನಾಯಿತಿಗಳ ಹೊರತು, ಮೊದಲೇ ಪ್ರಕಟವಾದದ್ದನ್ನು ಹೊಸದೆಂದು ಕಾನೂನು ಒಪ್ಪುವುದಿಲ್ಲ. ರೈತರು ಕಾಪಾಡಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲೇ ನೋಂದಾಯಿಸಲು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅವಕಾಶವಿದೆ. ಬೀಜ ಕೊಡುವ ಮುನ್ನ ಅದನ್ನು ವಿಚಾರಿಸಿ.

ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಬ್ಯಾಡಗಿ ಮೆಣಸಿನಕಾಯಿಗಳಿಗೆ ದೊರೆತಂತೆ ನಿಮ್ಮ ಊರಿನ ಉತ್ಪನ್ನಕ್ಕೂ ಭೌಗೋಳಿಕ ಗುರುತಿನ (ಜಿಐ) ಟ್ಯಾಗ್ ಬೇಕೆನ್ನುವವರಿಗೆ ಇತಿಹಾಸ ವಿಭಾಗದ ನೆರವು ಬೇಕಾಗುತ್ತದೆ, ಏಕೆಂದರೆ ಆ ಊರಿಗೂ ಆ ವಸ್ತುವಿಗೂ ಇರುವ ಹಳೆಯ ನಂಟಿಗೆ ದಾಖಲೆ ಒದಗಿಸಬೇಕು. ಟ್ಯಾಗ್ ಬಂದ ಮೇಲೂ ಪ್ರತಿಯೊಬ್ಬ ಉತ್ಪಾದಕರು ಅಧಿಕೃತ ಬಳಕೆದಾರರಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕೆಂಬುದು ಹಲವರಿಗೆ ಗೊತ್ತಿಲ್ಲ.

ಫಲಿತಾಂಶ ಕೈಗೆ ಬಂದ ಮೇಲೆ

ವರದಿಯನ್ನು ವಿದ್ಯಾರ್ಥಿಯಿಂದಲ್ಲದೆ ಮಾರ್ಗದರ್ಶಕರಿಂದಲೇ ಓದಿಸಿ ಅರ್ಥ ಮಾಡಿಕೊಳ್ಳಿ, "ಹಾಗಾದರೆ ನಾಳೆ ನಾನು ಏನು ಬದಲಿಸಬೇಕು?" ಎಂದು ಕೇಳಿ. ಸಂಶೋಧನೆಗಾಗಿ ಮಾಡಿದ ಪರೀಕ್ಷೆಯ ಹಾಳೆಯನ್ನು ಆಹಾರ ಸುರಕ್ಷತೆಯ ಪ್ರಮಾಣಪತ್ರವೆಂದು ಅಂಗಡಿಯವರಿಗೆ ತೋರಿಸಲು ಬರುವುದಿಲ್ಲ. ಅದಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯೇ ಬೇಕು. ಹೊಲದ ಸಲಹೆಯಾದರೆ ಒಂದು ತಾಕಿನಲ್ಲಿ ಮಾತ್ರ ಪಾಲಿಸಿ, ಪಕ್ಕದ ತಾಕಿನಲ್ಲಿ ನಿಮ್ಮ ಹಳೆಯ ಪದ್ಧತಿಯನ್ನೇ ಮುಂದುವರಿಸಿ, ಎರಡರ ಖರ್ಚು ಮತ್ತು ಇಳುವರಿಯನ್ನು ಬೇರೆ ಬೇರೆ ಬರೆದಿಡಿ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಗೆದ್ದದ್ದು ನಿಮ್ಮ ಹೊಲದಲ್ಲೂ ಗೆಲ್ಲಲೇಬೇಕೆಂದಿಲ್ಲ.

ಅಡುಗೆಮನೆಯಲ್ಲೂ ಹೀಗೆಯೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನ ತಂತ್ರಜ್ಞಾನವನ್ನು ಅನ್ವಯಿಸಲೆಂದು 1974ರಲ್ಲಿ ಹುಟ್ಟಿದ ಅಸ್ತ್ರ ಘಟಕ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು ಹಳ್ಳಿಯ ಜನರ ನಡುವೆಯೇ ಕೆಲಸ ಮಾಡಿತು. ಅದು ರೂಪಿಸಿದ, ಅಸ್ತ್ರ ಒಲೆಯೆಂದೇ ಹೆಸರಾದ ಹೊಗೆಕೊಳವೆಯ ಒಲೆಯಲ್ಲಿ ಸೌದೆ ಉಳಿಯಬೇಕಾದರೆ ಉರಿಗೂಡಿನ ಅಳತೆ ಸರಿಯಿರಬೇಕು. ವಿಜ್ಞಾನಿಯ ಸಲಹೆಯಲ್ಲಿ ಯಾವ ಅಳತೆಯನ್ನು ಮೀರುವಂತಿಲ್ಲ, ಯಾವುದನ್ನು ನಿಮ್ಮ ಅನುಕೂಲಕ್ಕೆ ಬದಲಿಸಬಹುದು ಎಂಬುದನ್ನು ಕೇಳಿ ಬರೆದುಕೊಳ್ಳಿ.

ನಿಮ್ಮೊಂದಿಗೆ ಕೆಲಸ ಮಾಡಿದ ವಿದ್ಯಾರ್ಥಿ ಪದವಿ ಪಡೆದು ಊರು ಬಿಡುತ್ತಾರೆ. ಅದಕ್ಕೂ ಮೊದಲೇ ಪ್ರಬಂಧದ ಒಂದು ಪ್ರತಿ, ಮೂಲ ಅಂಕಿಅಂಶಗಳ ನಕಲು ಕೇಳಿ ಪಡೆಯಿರಿ.

ನಮ್ಮ ಸಂಘದವರಿಗೆ ಸಿಕ್ಕಿದ ಸಲಹೆ ಸರಳವಾಗಿತ್ತು: ಹುರಿದ ಶೇಂಗಾವನ್ನು ಪೂರ್ತಿ ತಣ್ಣಗಾಗಲು ಬಿಟ್ಟೇ ಕುಟ್ಟಿ, ಪುಡಿ ಬಿಸಿಯಿರುವಾಗ ತುಂಬಬೇಡಿ, ಗಾಳಿ ಬೆಳಕು ಹಾಯದ ಬಹುಪದರದ ಚೀಲ ಬಳಸಿ. ಚೀಲಕ್ಕೆ ಖರ್ಚು ಹೆಚ್ಚಾಯಿತೆಂದು ಮೊದಲು ಜಗಳವೇ ಆಯಿತು. ಹಿಂದಿರುಗಿ ಬರುತ್ತಿದ್ದ ಮಾಲಿನ ಲೆಕ್ಕ ಹಾಕಿದ ಮೇಲೆ ತಣ್ಣಗಾಯಿತು. ಈಗ ಪ್ರತಿ ಸಲ ಕುಟ್ಟಿದಾಗಲೂ ಆರು ಪೊಟ್ಟಣಗಳನ್ನು ಮಾರದೆ, ದಿನಾಂಕ ಬರೆದು ಕಪಾಟಿನಲ್ಲಿಟ್ಟು, ಹದಿನೈದು ದಿನಕ್ಕೊಂದರಂತೆ ಒಡೆದು, ಮೂಸಿ, ರುಚಿ ನೋಡಿ ವಹಿಯಲ್ಲಿ ಬರೆಯುತ್ತಾರೆ.